ಎದುರು ಪಕ್ಷದ ವಕೀಲ

"ಕುಡೀರಿ ಮೇಡಂ, ವಿಷ ಹಾಕಿಲ್ಲ."

ವಾಕೇಶೊ ತಲೆಯೆತ್ತಿ ನೋಡಿದಳು. ಉದ್ದನೆಯ ಮೇಜಿನ ಆ ಬದಿಯಿಂದ ಎದ್ದು ಬಂದಿದ್ದ ಎತ್ತರದ ಗಂಡಸೊಬ್ಬ ಅವಳ ಮುಂದೆ ಹಬೆಯಾಡುವ ಚಹಾದ ಕಪ್ಪು ಇಟ್ಟು ನಿಂತಿದ್ದ. ಕಡುನೀಲಿ ಸೂಟು, ಸಡಿಲವಾದ ಟೈ, ತುಟಿಯಂಚಿನಲ್ಲಿ ಅಡಗಿ ಕೂತ ನಗು.

ಅವಳು ಕಪ್ಪನ್ನು ಒಂದೇ ಬೆರಳಿನಿಂದ ಪಕ್ಕಕ್ಕೆ ಸರಿಸಿದಳು.

"ಥ್ಯಾಂಕ್ಸ್. ಎದುರು ಪಕ್ಷದವರ ಚಹಾ ನಾನು ಕುಡಿಯಲ್ಲ."

"ಚಹಾಗೂ ಪಕ್ಷ ಇರುತ್ತಾ?"

"ನಿಮ್ಮ ಆಫೀಸಿನ ಚಹಾಗೆ ಇರುತ್ತೆ."

ಕೋಣೆಯಲ್ಲಿದ್ದವರು ಸುಮ್ಮನೆ ಕೆಮ್ಮಿದರು. ಅವನು ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. ಅವಳು ಸರಿಸಿದ ಕಪ್ಪನ್ನು ತಾನೇ ಎತ್ತಿ ಒಂದು ಗುಟುಕು ಕುಡಿದ.

"ನೋಡಿ, ಬದುಕಿದೀನಿ. ನಾನು ಕಿನೋಟಿ. ಖರೀದಿ ಮಾಡೋರ ಪರವಾಗಿ."

"ವಾಕೇಶೊ. ಮಾರೋರ ಪರವಾಗಿ," ಎಂದಳು. ಕೈ ಚಾಚಲಿಲ್ಲ.

ನೈರೋಬಿಯ ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಗಾಜಿನ ಕಟ್ಟಡವೊಂದರ ತುತ್ತತುದಿಯಲ್ಲಿತ್ತು ಆ ಕೋಣೆ. ಅಡೇರಾ ವಕೀಲರ ಕಚೇರಿ. ವ್ಯವಹಾರ ಥೀಕಾದ ಕಿಹಾರಾ ಬೇಕರಿಯದು. ನಲವತ್ತು ವರ್ಷ ಊರಿಗೆಲ್ಲ ಬ್ರೆಡ್ಡು ತಿನ್ನಿಸಿದ ಮ್ಜೇ ಕಿಹಾರಾ ತಮ್ಮ ಬೇಕರಿಯನ್ನು ಜೊಹಾನ್ಸ್‌ಬರ್ಗ್‌ನ ದೊಡ್ಡ ಕಂಪನಿಗೆ ಮಾರಲು ಹೊರಟಿದ್ದರು. ಅಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ಆ ಮುದುಕರನ್ನು ಮ್ಜೇ ಅಂತಲೇ ಕರೆಯುವುದು. ಯಜಮಾನರೇ ಅಂದ ಹಾಗೆ.

ಆ ದಿನದ ಮಾತುಕತೆ ಮುಗಿದು ಎಲ್ಲರೂ ಏಳುವ ಹೊತ್ತಿಗೆ ಕಿನೋಟಿ ಅವಳ ಪಕ್ಕಕ್ಕೆ ಬಂದು ದನಿ ತಗ್ಗಿಸಿದ.

"ಒಂದು ಮಾತು. ಹಳೇ ತೆರಿಗೆ ಬಾಕಿ ಬಗ್ಗೆ ಒಂದು ಕಲಂ ಇದೆಯಲ್ಲ, ಅದರಲ್ಲಿ ಕಾಲಮಿತಿ ಬಿಟ್ಟುಹೋಗಿದೆ. ಹಾಗೇ ಸಹಿ ಹಾಕಿದ್ರೆ ಮುದುಕರು ಸಾಯೋವರೆಗೂ ಜವಾಬ್ದಾರರಾಗ್ತಾರೆ. ಇನ್ನೊಂದು ಸಲ ಓದಿ ನೋಡಿ."

ವಾಕೇಶೊ ಆ ಪುಟ ತಿರುವಿ ನೋಡಿದಳು. ಆ ಕಲಂ ಬರೆದವಳು ಅವಳೇ!

ತಪ್ಪು ಅವಳದು... ಲಾಭ ಅವನ ಕಕ್ಷಿಯದು. ಹಾಗಿದ್ದ ಮೇಲೆ ಇವನು ಯಾಕೆ ಹೇಳಿದ?

'ಇದೊಂದು ತೋರಿಸಿ ಇನ್ನೆಲ್ಲೋ ಏನೋ ಮುಚ್ಚಿಟ್ಟಿದಾನೆ!'

ಮರುದಿನ ಬೆಳಗಿನಿಂದ ಸಂಜೆಯವರೆಗೂ ಅವಳು ಇಡೀ ಕರಾರನ್ನು ಸಾಲು ಸಾಲಾಗಿ ಜಾಲಾಡಿದಳು. ಎಲ್ಲೂ ಏನೂ ಸಿಗಲಿಲ್ಲ. ಸಿಗದೇ ಹೋದದ್ದು ಅವಳ ಅನುಮಾನವನ್ನು ಇನ್ನೂ ಹೆಚ್ಚಿಸಿತು.

* * *

"ಅವನು ನಕ್ಕನಾ?" ಎಂದು ಕೇಳಿದರು ಕಲೋಂಡು ಮೇಡಂ.

ಅಪ್ಪರ್ ಹಿಲ್‌ನ ಮುಸೆಂಬಿ ವಕೀಲರ ಕಚೇರಿಗೆ ಈಗ ಅವರೇ ಹಿರಿಯರು. ಬೆಳ್ಳಿಕೂದಲನ್ನು ಸಣ್ಣಗೆ ಕತ್ತರಿಸಿದ್ದರು, ಕೊರಳಲ್ಲಿ ಮುತ್ತಿನ ಸರ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರೆಂದರೆ ಕಿರಿಯ ವಕೀಲರ ನಾಲಗೆ ಒಣಗುತ್ತಿತ್ತು.

"ನಕ್ಕ ಮೇಡಂ."

"ಅಡೇರಾನೂ ಹಾಗೇ ನಗ್ತಿದ್ದ."

ಆ ಕಥೆ ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ದೇಶ ಸ್ವತಂತ್ರವಾದ ಹೊಸದರಲ್ಲಿ ಮುಸೆಂಬಿ, ಅಡೇರಾ ಎಂಬ ಇಬ್ಬರು ಗೆಳೆಯರು ರಿವರ್ ರೋಡಿನಲ್ಲಿ ದರ್ಜಿಯ ಅಂಗಡಿ ಮೇಲಿನ ಒಂದೇ ಕೋಣೆ ಹಿಡಿದಿದ್ದರು. ಕೆಳಗೆ ಹೊಲಿಗೆ ಯಂತ್ರದ ಸದ್ದು, ಮೇಲೆ ಇವರ ಟೈಪ್‌ರೈಟರ್ ಸದ್ದು. ಅಲ್ಲಿಯವರೆಗೆ ಕಂಪನಿ ಎನ್ನುವುದು ಬಿಳಿಯರ ಸೊತ್ತಾಗಿತ್ತು. ಆಮೇಲೆ ಲಾರಿ ಇದ್ದವನು, ಹಿಟ್ಟಿನ ಗಿರಣಿ ಇದ್ದವನು, ಬಸ್ಸು ಇದ್ದವನು ಎಲ್ಲರೂ "ನಮಗೂ ಒಂದು ಕಂಪನಿ ಮಾಡಿಕೊಡಿ" ಎಂದು ಆ ಕಿರಿದಾದ ಮೆಟ್ಟಿಲು ಹತ್ತಿ ಬಂದರು. ಮುಸೆಂಬಿ ಬರೆಯುತ್ತಿದ್ದರು, ಅಡೇರಾ ಮಾತಾಡುತ್ತಿದ್ದರು. ದೇಶದ ಅರ್ಧ ವ್ಯಾಪಾರ ಆ ಕೋಣೆಯಲ್ಲೇ ಹುಟ್ಟಿತು ಎಂದು ಹಳಬರು ಹೆಮ್ಮೆಪಡುತ್ತಿದ್ದರು.

ಆಮೇಲೊಂದು ದಿನ, ಬಸ್ ಕಂಪನಿಯ ಮಾಲೀಕನೊಬ್ಬ ಗುಟ್ಟಾಗಿ ಮಾಡಬೇಕೆಂದಿದ್ದ ಖರೀದಿ ಅವನ ಎದುರಾಳಿಗೆ ಮೊದಲೇ ತಿಳಿದುಹೋಯಿತು. ಹೇಳಿದ್ದು ಯಾರು? ಅಡೇರಾ ಎಂದು ಮುಸೆಂಬಿ ದೂರಿದರು. ಮುಸೆಂಬಿ ಎಂದು ಅಡೇರಾ ದೂರಿದರು. ತಿಂಗಳೊಳಗೆ ಕಚೇರಿ ಎರಡು ಹೋಳಾಯಿತು. ಅಂದಿನಿಂದ ಆ ಕಡೆಯವರು ಈ ಕಡೆಯವರ ಮದುವೆಗೂ ಹೋಗಲಿಲ್ಲ, ಮಣ್ಣಿಗೂ ಹೋಗಲಿಲ್ಲ.

"ಮಗಳೇ, ಕೇಳಿಲ್ಲಿ," ಎಂದರು ಕಲೋಂಡು ಮೇಡಂ. "ಈ ಕೆಲಸ ಚೆನ್ನಾಗಿ ಮುಗಿದ್ರೆ ಮುಂದಿನ ವರ್ಷ ನೀನು ಇಲ್ಲಿ ಪಾಲುದಾರಳು. ವುಂಡನ್ಯಿ ಬೆಟ್ಟದಿಂದ ಬಂದ ಹುಡುಗಿ ಈ ಬಾಗಿಲ ಮೇಲೆ ಹೆಸರು ಬರೆಸ್ಕೊಳ್ಳೋದು ಸಣ್ಣ ಮಾತಲ್ಲ. ಅವನು ಒಳ್ಳೇ ಮಾತಾಡಿದಷ್ಟೂ ನೀನು ಹುಷಾರಾಗಿರು."

"ಹೂಂ ಮೇಡಂ."

* * *

ಆದರೆ ಹುಷಾರಾಗಿರುವುದು ಕಷ್ಟವಾಗುತ್ತಾ ಹೋಯಿತು...

ಬೇಕರಿ ನೋಡಲು ಎರಡೂ ಕಡೆಯವರು ಥೀಕಾಗೆ ಹೋದ ದಿನ, ಖರೀದಿ ಕಂಪನಿಯ ಮುಖ್ಯಸ್ಥೆ ಮಸೆಕೊ ಮೂಗಿಗೆ ಕರವಸ್ತ್ರ ಹಿಡಿದು ಯಂತ್ರಗಳ ನಡುವೆ ಓಡಾಡುತ್ತಿದ್ದರು. ಕಿನೋಟಿ ಮಾತ್ರ ಕೋಟು ಬಿಚ್ಚಿ, ತೋಳು ಮಡಚಿ, ಒಲೆಯ ಹತ್ತಿರ ಹೆಂಗಸರ ಜೊತೆ ನಿಂತುಬಿಟ್ಟಿದ್ದ. ಬಿಸಿ ಬ್ರೆಡ್ಡನ್ನು ಕೈಯಿಂದ ಕೈಗೆ ಹಾರಿಸುತ್ತಾ ಊದುತ್ತಿದ್ದ.

"ಏನಪ್ಪಾ ವಕೀಲ, ಮನೇಲಿ ಊಟ ಹಾಕಲ್ವಾ?" ಎಂದು ಒಬ್ಬಾಕೆ ಛೇಡಿಸಿದಳು.

"ಹಾಕೋರು ಬೇಕಲ್ಲಮ್ಮಾ! ಹುಡುಕ್ತಾ ಇದೀನಿ."

"ಎದುರಿಗೇ ನಿಂತಿದಾಳಲ್ಲ, ಕಣ್ಣು ಕಾಣಲ್ವಾ?"

ಒಲೆಯ ಮುಂದಿನ ಹೆಂಗಸರೆಲ್ಲ ಗೊಳ್ಳೆಂದರು. ವಾಕೇಶೊ ಮುಖ ಒಲೆಗಿಂತ ಬಿಸಿಯಾಯಿತು. ಕಿನೋಟಿ ಬ್ರೆಡ್ಡಿನ ಅರ್ಧ ಮುರಿದು ಅವಳತ್ತ ಚಾಚಿದ.

"ಇದು ನಮ್ಮ ಕಚೇರಿಯದ್ದಲ್ಲ ಮೇಡಂ. ನಿಮ್ಮ ಕಕ್ಷಿಯದೇ. ತಿನ್ನಬಹುದು."

ಅವಳು ತಿಂದಳು. ನಗು ತಡೆಯಲಾಗಲಿಲ್ಲ.

ವಾಪಸು ಬರುವಾಗ ಅವಳ ಕಾರು ಕೆಟ್ಟು, ಅವನ ಕಾರಿನಲ್ಲೇ ಬರಬೇಕಾಯಿತು. ಅವನು ಚಹಾ ತೋಟಗಳ ಮೇರು ಊರಿನ ಕಡೆಯವನು. ಅಪ್ಪ ಇಲ್ಲ, ಅಮ್ಮ ಚಹಾ ಎಲೆ ಕಿತ್ತು ಓದಿಸಿದವಳು. "ಅಮ್ಮನಿಗೆ ನನ್ನ ಕೆಲಸ ಏನು ಅಂತ ಇವತ್ತಿಗೂ ಅರ್ಥ ಆಗಿಲ್ಲ. ಕಳ್ಳರನ್ನ ಬಿಡಿಸ್ತೀಯಾ ಅಂತಾಳೆ. ಇಲ್ಲಮ್ಮಾ ಅಂದ್ರೆ, ಹಾಗಾದ್ರೆ ಹಿಡಿಸ್ತೀಯಾ ಅಂತಾಳೆ."

"ನೀವು ಏನಂತೀರಿ?"

"ಒಬ್ಬರದನ್ನ ಇನ್ನೊಬ್ಬರಿಗೆ ಜಗಳ ಇಲ್ಲದೆ ದಾಟಿಸ್ತೀನಿ ಅಂತೀನಿ. ಅದಕ್ಕೆ ಇಷ್ಟು ಓದಬೇಕಿತ್ತಾ ಅಂತಾಳೆ!"

ವಾಕೇಶೊ ಮತ್ತೆ ನಕ್ಕಳು. ನಕ್ಕ ಮರುಕ್ಷಣವೇ ಬೆಚ್ಚಿದಳು.

'ಇದೇ... ಇದೇ ಇವನ ಉಪಾಯ ಇರಬಹುದು. ನಗಿಸಿ ನಗಿಸಿ ಬಾಯಿ ಬಿಡಿಸೋದು!'

ಬಾಯಿ ಬಿಡಬಾರದ ವಿಷಯವೊಂದು ಅವಳ ಹತ್ತಿರ ಇದ್ದೇ ಇತ್ತು. ಮ್ಜೇ ಕಿಹಾರಾ ಅವರ ಎರಡೂ ಮೂತ್ರಪಿಂಡಗಳು ಸೋತಿದ್ದವು. ಮಾರಾಟವಾದ ಮೇಲೂ ಮೂರು ವರ್ಷ ಅವರೇ ಬೇಕರಿ ನಡೆಸಿಕೊಡಬೇಕು ಎಂಬುದು ಖರೀದಿದಾರರ ಆಸೆ. ಆ ಹೆಸರು, ಆ ರುಚಿ ಎಲ್ಲಾ ಮುದುಕರ ಕೈಯಲ್ಲೇ ಇತ್ತು. ಕಾಯಿಲೆ ಗೊತ್ತಾದರೆ ವ್ಯವಹಾರವೇ ಮುರಿದುಬೀಳಬಹುದು. "ಅವರಾಗಿ ಕೇಳೋವರೆಗೂ ನಾವಾಗಿ ಹೇಳೋದು ಬೇಡ," ಎಂದು ಕಲೋಂಡು ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದರು.

* * *

ಅದು ಒಂದು ಶನಿವಾರದ ಬೆಳಗು. ಮ್ಜೇ ಅವರ ಮಗ ಊರಲ್ಲಿರಲಿಲ್ಲ. ರಕ್ತ ಶುದ್ಧಿ ಮಾಡಿಸಲು ಅವರನ್ನು ಆಸ್ಪತ್ರೆಗೆ ವಾಕೇಶೊಳೇ ಕರೆತಂದಿದ್ದಳು. ಗಾಲಿಕುರ್ಚಿ ತಳ್ಳುತ್ತಾ ಪಡಸಾಲೆಯ ತಿರುವಿಗೆ ಬಂದಳು.

ಎದುರಿಗೆ ಕಿನೋಟಿ! ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ ಹಿಡಿದು ನಿಂತಿದ್ದ.

"ಕಿಹಾರಾ, ಡಯಾಲಿಸಿಸ್!" ಎಂದು ನರ್ಸು ಅದೇ ಹೊತ್ತಿಗೆ ಗಟ್ಟಿಯಾಗಿ ಕೂಗಿದಳು.

ವಾಕೇಶೊ ಬೆಚ್ಚಿ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಳು.

ಕಿನೋಟಿ ಮುದುಕರನ್ನು ನೋಡಿದ. ಅವಳನ್ನು ನೋಡಿದ. ಅವನ ಮುಖದಲ್ಲಿ ಆ ನಗು ಇರಲಿಲ್ಲ.

"ಚಿಕ್ಕಮ್ಮ ಈ ವಾರ್ಡಲ್ಲಿದಾರೆ... ನೋಡೋಕೆ ಬಂದೆ," ಎಂದು ತೊದಲಿದ. ಮುದುಕರಿಗೆ ತಲೆ ಬಾಗಿಸಿ ನಮಸ್ಕರಿಸಿ ಸರಸರನೆ ಹೊರಟುಹೋದ.

"ಒಳ್ಳೇ ಹುಡುಗ. ಯಾರಮ್ಮಾ ಅದು?" ಎಂದರು ಮ್ಜೇ. ಕಣ್ಣು ಮಂಜಾಗಿದ್ದರಿಂದ ಅವರಿಗೆ ಗುರುತು ಸಿಕ್ಕಿರಲಿಲ್ಲ.

"ಯಾರೂ ಅಲ್ಲ ಮ್ಜೇ," ಎಂದಳು. ಕುರ್ಚಿಯನ್ನು ಬೇಗ ಬೇಗ ಮುಂದಕ್ಕೆ ತಳ್ಳಿದಳು.

ಸೋಮವಾರ ಮಾತುಕತೆಯ ಮೇಜಿನ ಎದುರು ಕಿನೋಟಿಯ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು.

"ಕಿನೋಟಿ ಎಲ್ಲಿ?"

"ಈ ಕೆಲಸ ಬಿಟ್ಟಿದಾರೆ. ಕಾರಣ ಹೇಳಿಲ್ಲ," ಎಂದ ಹೊಸ ವಕೀಲ.

ಅವಳು ಅದರ ಅರ್ಥ ಹುಡುಕುವಷ್ಟರಲ್ಲಿ ಮಸೆಕೊ ಮುಂದಕ್ಕೆ ಬಾಗಿದರು.

"ಯಜಮಾನರ ಆರೋಗ್ಯದ ವಿಚಾರ ನಮಗೆ ತಿಳಿದುಬಂದಿದೆ. ಮೂರು ವರ್ಷದ ಮಾತು ಇನ್ನು ನಡೆಯಲ್ಲ. ಷರತ್ತುಗಳನ್ನೆಲ್ಲ ಹೊಸದಾಗಿ ಬರೆಯೋಣ."

"ನಿಮಗೆ... ಯಾರು ಹೇಳಿದ್ದು?"

"ಅದನ್ನ ಹೇಳೋ ಹಾಗಿಲ್ಲ."

ವಾಕೇಶೊ ಫೈಲು ಮುಚ್ಚಿ ಎದ್ದು ನಿಂತಳು.

ಅವನೇ! ಶನಿವಾರ ನೋಡಿದ, ಸೋಮವಾರದೊಳಗೆ ಹೇಳಿದ. ಮುಖ ತೋರಿಸಲಾಗದೆ ಓಡಿಹೋದ!

* * *

ಅವನ ಕಚೇರಿಯ ಕಟ್ಟಡದ ಕೆಳಗೇ ಅವಳಿಗೆ ಅವನು ಸಿಕ್ಕ. ಕಾರಿನ ಡಿಕ್ಕಿಗೆ ಪುಸ್ತಕಗಳ ಪೆಟ್ಟಿಗೆ ಇಡುತ್ತಿದ್ದ.

"ಒಬ್ಬ ಮುದುಕನ ಕಾಯಿಲೇನ ಎಷ್ಟಕ್ಕೆ ಮಾರಿದ್ರಿ?" ಎಂದಳು ಅವನ ದಾರಿಗೆ ಅಡ್ಡ ನಿಂತು.

ಕಿನೋಟಿ ಪೆಟ್ಟಿಗೆ ಅಲ್ಲೇ ಬಿಟ್ಟು ತಿರುಗಿದ. "ಏನಂದ್ರಿ?"

"ನಾಟಕ ಸಾಕು! ಬ್ರೆಡ್ಡು ತಿಂದಿದ್ದು, ಅಮ್ಮನ ಕಥೆ ಹೇಳಿದ್ದು, ಎಲ್ಲಾ ಇದಕ್ಕೇ ಅಲ್ವಾ? ಆಸ್ಪತ್ರೇಲಿ ನೋಡಿದ್ದನ್ನ ಮಸೆಕೊಗೆ ಹೇಳಿದ್ರಿ."

ಅವನು ಡಿಕ್ಕಿಯ ಬಾಗಿಲು ಮುಚ್ಚಿದ.

"ಅದರ ಬಗ್ಗೆ ನಾನು ಏನೂ ಹೇಳೋ ಹಾಗಿಲ್ಲ."

"ಹೇಳಿಲ್ಲ ಅಂತಾದ್ರೂ ಹೇಳಿ!"

ಅವಳು ಕಾದಳು. ನಿಜ ಹೇಳಬೇಕೆಂದರೆ, ಅವನು 'ಇಲ್ಲ' ಎಂದು ಒಂದೇ ಒಂದು ಮಾತು ಹೇಳಲಿ ಎಂದು ಅವಳ ಜೀವವೆಲ್ಲ ಕಾದಿತ್ತು.

ಅವನು ಅವಳ ಕಣ್ಣನ್ನೇ ನೋಡಿದ. "ಹೇಳೋ ಹಾಗಿಲ್ಲ, ವಾಕೇಶೊ."

ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅದೂ ಇಂಥ ಹೊತ್ತಲ್ಲಿ...!

ಆ ವಾರವೇ ಮುಸೆಂಬಿ ಕಚೇರಿಯಿಂದ ವಕೀಲರ ಶಿಸ್ತು ಸಮಿತಿಗೆ ದೂರು ಹೋಯಿತು. ಆಸ್ಪತ್ರೆಯಲ್ಲಿ ಅಕಸ್ಮಾತ್ ಕಂಡದ್ದನ್ನು ದುರುಪಯೋಗ ಮಾಡಿಕೊಂಡ ವಕೀಲನ ಪರವಾನಗಿ ರದ್ದು ಮಾಡಬೇಕು ಎಂದು. ಸಹಿ ವಾಕೇಶೊಳದು. ಕಲೋಂಡು ಮೇಡಂ ಅವಳ ಹೆಗಲು ತಟ್ಟಿದರು.

ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಅವಳು ಯಾಕೆಂದು ಗೊತ್ತಿಲ್ಲದೆ ಅತ್ತಳು.

'ಅವನು ಮೋಸ ಮಾಡಿದ್ದಕ್ಕಾ? ಅಥವಾ ನಾನು ನಂಬಬೇಕು ಅಂದ್ಕೊಂಡಿದ್ದಕ್ಕಾ?'

* * *

ಕರಾರು ಕೊನೆಗೂ ಕುದುರಿತು. ಹೊಸ ಷರತ್ತುಗಳು ವಾಕೇಶೊ ಹೆದರಿದ್ದಷ್ಟು ಕೆಟ್ಟದಾಗಿರಲಿಲ್ಲ. ಮುದುಕರು ಮೂರು ವರ್ಷ ದುಡಿಯಬೇಕಿರಲಿಲ್ಲ. ವಿಚಿತ್ರವೆಂದರೆ, ಕೆಲಸದವರನ್ನು ಯಾರನ್ನೂ ತೆಗೆಯುವಂತಿಲ್ಲ ಎಂಬ ಕಲಂ ಒಂದನ್ನು ಮಸೆಕೊ ಕಡೆಯವರೇ ಸೇರಿಸಿದ್ದರು. ಅಷ್ಟು ದಿನ ವಾಕೇಶೊ ಅಂಗಲಾಚಿದರೂ ಅವರು ಒಪ್ಪದಿದ್ದ ಕಲಂ ಅದು! ಅವಳಿಗೆ ಅದರಲ್ಲೂ ಅನುಮಾನ.

ಸಹಿ ಹಾಕುವ ಕಾರ್ಯಕ್ರಮ ಬೇಕರಿಯಲ್ಲೇ ಇರಲಿ ಎಂದು ಮ್ಜೇ ಹಟ ಹಿಡಿದರು. ಹಿಟ್ಟು ನಾದುವ ಉದ್ದನೆಯ ಮೇಜಿಗೇ ಬಿಳಿ ಬಟ್ಟೆ ಹಾಸಿ ಕೂತರು. ಪೆನ್ನು ಕೆಳಗಿಟ್ಟ ಮೇಲೆ ಮಸೆಕೊ ಎದ್ದು ಬಂದು ಮುದುಕರ ಎರಡೂ ಕೈ ಹಿಡಿದುಕೊಂಡರು.

"ಮ್ಜೇ, ಆವತ್ತು ನೀವು ನೇರವಾಗಿ ಫೋನ್ ಮಾಡಿದ್ದಕ್ಕೆ ಥ್ಯಾಂಕ್ಸ್. ಇಲ್ಲದಿದ್ರೆ ನಾನು ಈ ಕಾಗದಕ್ಕೆ ಸಹಿ ಹಾಕ್ತಿರಲಿಲ್ಲ."

ವಾಕೇಶೊಳ ಕೈಯಲ್ಲಿದ್ದ ಕಾಗದಗಳು ಮೇಜಿನ ಮೇಲೆ ಚೆಲ್ಲಿದವು.

"ಫೋನಾ? ಯಾವ ಫೋನು ಮ್ಜೇ?"

ಮುದುಕರು ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಮುಗುಳ್ನಕ್ಕರು.

"ಬೈಬೇಡ ಮಗಳೇ. ನಿಮಗೆ ಹೇಳಿದ್ರೆ ಬಿಡ್ತಿರಲಿಲ್ಲ, ಅದಕ್ಕೇ ಹೇಳಬೇಡಿ ಅಂತ ಈಯಮ್ಮನಿಗೂ ಹೇಳಿದ್ದೆ. ನೀನು ಆಸ್ಪತ್ರೆಗೆ ಕರ್ಕೊಂಡು ಹೋದ ಮರುದಿನ, ಭಾನುವಾರ, ಚರ್ಚಿಂದ ಬಂದು ಕೂತ್ಕೊಂಡೆ. ಯೋಚನೆ ಬಂತು. ಸಾಯೋ ಕಾಲದಲ್ಲಿ ಬೇಕರೀನ ಸುಳ್ಳು ಹೇಳಿ ಮಾರಲಾ ಅಂತ. ಫೋನ್ ಹಚ್ಚಿದೆ. 'ಅಮ್ಮಾ, ನನ್ನ ಮೂತ್ರಪಿಂಡ ಹೋಗಿದೆ, ಮೂರು ವರ್ಷ ನಾನು ಬದುಕಿರ್ತೀನೋ ಇಲ್ವೋ. ನನ್ನನ್ನ ನಂಬಿ ಕೊಳ್ಳಬೇಡ, ಒಲೆ ಮುಂದೆ ನಿಂತಿರೋ ಹೆಂಗಸರನ್ನ ನಂಬಿ ಕೊಂಡ್ಕೋ. ರುಚಿ ಅವರ ಕೈಯಲ್ಲಿದೆ' ಅಂದೆ."

"ನನಗೆ ಒಂದು ಮಾತು ಹೇಳಬಾರದಿತ್ತಾ, ಮ್ಜೇ..."

"ನೀನು ಕೇಳಲೇ ಇಲ್ಲವಲ್ಲಮ್ಮಾ?"

ಹೌದು. ಅವಳು ಕೇಳಿರಲಿಲ್ಲ. ಗುಟ್ಟು ಕಾಪಾಡಲಾಗಲಿಲ್ಲವೆಂಬ ನಾಚಿಕೆಗೆ ಮುದುಕರ ಮುಂದೆ ಆ ಮಾತೇ ಎತ್ತಿರಲಿಲ್ಲ. ಅವರನ್ನು ಕೇಳಲಿಲ್ಲ. ಮಸೆಕೊರನ್ನು ಇನ್ನೊಂದು ಸಲ ಕೇಳಲಿಲ್ಲ. ಕಿನೋಟಿಯನ್ನು... ಅವನನ್ನು ಕೇಳಿದ್ದು ಕೇಳುವ ರೀತಿಯೇ?

ಸುತ್ತ ಚಪ್ಪಾಳೆ, ಹಾಡು. ಹೆಂಗಸರು ಮುದುಕರ ಹೆಗಲಿಗೆ ಹೊಸ ಕಂಬಳಿ ಹೊದಿಸುತ್ತಿದ್ದರು. ವಾಕೇಶೊ ಕಾಗದಗಳನ್ನು ಬಾಚಿಕೊಂಡು ಕಚೇರಿಗೆ ಹೊರಟಳು.

* * *

"ದೂರು ವಾಪಸ್ ತಗೊಳ್ಳೋದಾ?" ಕಲೋಂಡು ಮೇಡಂ ಕನ್ನಡಕ ತೆಗೆದರು. "ವಿಚಾರಣೆ ನಾಳೆ ಇದೆ. ನಾವು ಸುಳ್ಳು ದೂರು ಕೊಟ್ವಿ ಅಂತ ಅಡೇರಾ ಕಡೆಯವರು ಊರೆಲ್ಲ ಡಂಗುರ ಹೊಡೀತಾರೆ."

"ಸುಳ್ಳು ದೂರೇ ಅಲ್ವಾ ಮೇಡಂ?"

"ಹೇಳಿಲ್ಲ ಅಂದ್ರೆ ಅವನು ಯಾಕೆ ಬಾಯಿ ಬಿಡಲಿಲ್ಲ? ಯಾಕೆ ಕೆಲಸ ಬಿಟ್ಟ? ಏನೋ ಇದೆ."

"ಗೊತ್ತಿಲ್ಲ. ಆದ್ರೆ ಅವನು ಹೇಳಿಲ್ಲ ಅನ್ನೋದು ಗೊತ್ತಾಗಿದೆ."

"ನಿನ್ನ ಹೆಸರು ಬಾಗಿಲ ಮೇಲೆ ಬರೋದು ಮರೆತುಬಿಡು."

ವಾಕೇಶೊಗೆ ಕಣ್ಣು ತುಂಬಿ ಬಂತು. ಹತ್ತು ವರ್ಷ ಹಗಲಿರುಳು ದುಡಿದದ್ದು ಆ ಬಾಗಿಲಿಗಾಗಿಯೇ. ಆದರೂ ತಲೆಯಾಡಿಸಿದಳು.

"ಮರೀತೀನಿ ಮೇಡಂ. ಆದ್ರೆ ಒಂದು ಕೇಳಲಾ? ಆ ಬಸ್ ಕಂಪನಿ ಗುಟ್ಟು... ಕೊನೆಗೂ ಹೇಳಿದ್ದು ಯಾರು?"

ಕಲೋಂಡು ಮೇಡಂ ಕುರ್ಚಿಯನ್ನು ಕಿಟಕಿಯತ್ತ ತಿರುಗಿಸಿದರು. ಕಚೇರಿ ಒಡೆದಾಗ ಅವರು ಆ ಗೆಳೆಯರಿಬ್ಬರ ಕೈಕೆಳಗೆ ಹೊಸದಾಗಿ ಸೇರಿದ್ದ ಎಳೆಯ ಹುಡುಗಿ.

"ಗೊತ್ತಿಲ್ಲ. ಯಾರೂ ಸರಿಯಾಗಿ ವಿಚಾರಿಸಲೇ ಇಲ್ಲ. ಅಡೇರಾ ಸತ್ತಾಗ ಮಣ್ಣಿಗೆ ಅಂತ ನಾನು ಅವನೂರು ಕಿಸುಮುವರೆಗೂ ಹೋಗಿದ್ದೆ. ಯಾರಿಗೂ ಹೇಳಿರಲಿಲ್ಲ. ಹಿಂದೆ, ಮರದ ಕೆಳಗೆ ನಿಂತಿದ್ದೆ. ಹತ್ತಿರ ಹೋಗೋ ಧೈರ್ಯ ಬರಲಿಲ್ಲ."

ಕನ್ನಡಕ ಹಾಕಿಕೊಂಡು ಮುಂದಿದ್ದ ಕಾಗದ ಎಳೆದುಕೊಂಡರು.

"ನಾಳೆ ಬೆಳಿಗ್ಗೆ ಟ್ರಾಫಿಕ್ ಜಾಸ್ತಿ ಇರುತ್ತೆ. ಬೇಗ ಹೊರಡು."

* * *

ಸಮಿತಿಯ ಕೋಣೆಯಲ್ಲಿ ಕಿನೋಟಿ ಒಬ್ಬನೇ ಕೂತಿದ್ದ. ಪರವಾಗಿ ವಕೀಲರನ್ನೂ ಕರೆತಂದಿರಲಿಲ್ಲ. ಸೊರಗಿದ್ದ. ಬಾಗಿಲು ತೆರೆದ ಸದ್ದಿಗೆ ತಿರುಗಿದವನು ಅವಳನ್ನು ಕಂಡು ಮುಖ ತಿರುಗಿಸಿಕೊಂಡ.

"ದೂರಿಗೆ ನೀವು ಕೊಟ್ಟಿರೋ ಉತ್ತರ ಒಂದೇ ಸಾಲು," ಎಂದರು ಅಧ್ಯಕ್ಷರು ಅವನಿಗೆ. "ಹೇಳೋಕೆ ಏನೂ ಇಲ್ಲ ಅಂತ. ಇವತ್ತಾದ್ರೂ ಏನಾದ್ರೂ ಹೇಳ್ತೀರಾ?"

"ಇಲ್ಲ ಸರ್."

"ನಾನು ಹೇಳ್ತೀನಿ!" ಎಂದು ವಾಕೇಶೊ ಎದ್ದು ನಿಂತಳು.

ಮೇಜಿನ ಅಂಚು ಹಿಡಿದುಕೊಂಡಳು.

"ದೂರು ತಪ್ಪು. ನನ್ನ ಕಕ್ಷಿ ತಾವೇ ಫೋನ್ ಮಾಡಿ ಕಾಯಿಲೆ ವಿಷಯ ತಿಳಿಸಿದ್ರು. ಇವರು ಯಾರಿಗೂ ಹೇಳಿಲ್ಲ. ನಾನು ವಿಚಾರಿಸದೆ ಆರೋಪ ಹೊರಿಸಿದೆ. ತಪ್ಪು ಪೂರ್ತಿ ನನ್ನದು. ಶಿಕ್ಷೆ ಕೊಡೋದಿದ್ರೆ ನನಗೆ ಕೊಡಿ."

ಕಿನೋಟಿ ತಿರುಗಿ ನೋಡಿದ. ಆ ನೋಟದಲ್ಲಿ ಏನಿತ್ತೋ ಅವಳಿಗೆ ಓದಲಾಗಲಿಲ್ಲ.

ಅಧ್ಯಕ್ಷರು ಅವಳನ್ನು ಚೆನ್ನಾಗಿಯೇ ಗದರಿಸಿದರು. ದೂರು ಅಲ್ಲಿಗೆ ಮುಗಿಯಿತು.

* * *

ಹೊರಗೆ ಬಂದರೆ ಬೀದಿಯುದ್ದಕ್ಕೂ ಜಕರಂದದ ಹೂವು ಉದುರಿ ನೆಲವೆಲ್ಲ ನೇರಳೆಯಾಗಿತ್ತು. ಅವನು ದಾಪುಗಾಲು ಹಾಕುತ್ತಾ ಹೋಗುತ್ತಿದ್ದ. ಅವಳು ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲೇ ಓಡಿದಳು.

"ನಿಲ್ಲಿ! ಕಿನೋಟಿ, ದಯವಿಟ್ಟು..."

ಅವನು ನಿಂತ. ತಿರುಗಲಿಲ್ಲ.

"ಥ್ಯಾಂಕ್ಸ್ ಹೇಳಬೇಕಾ?"

"ಬೇಡ. ಬೈರಿ."

ಅವನು ತಿರುಗಿದ. ಕಣ್ಣು ಕೆಂಪಗಾಗಿತ್ತು. "ಊರಲ್ಲಿ ಅಮ್ಮನಿಗೆ ಯಾರೋ ಹೇಳಿದ್ರು, ನಿನ್ನ ಮಗನ ಮೇಲೆ ಕೇಸು ಅಂತ. ಅವಳು ಫೋನ್ ಮಾಡಿ, 'ಕಳ್ಳರನ್ನ ಬಿಡಿಸ್ತಿದ್ದೆಯಾ ಮಗಾ?' ಅಂತ ಕೇಳಿದ್ಲು. ನಗಲಿಲ್ಲ ಆವತ್ತು, ನಿಜವಾಗ್ಲೂ ಕೇಳಿದ್ಲು. ಗೊತ್ತಾ ನಿಮಗೆ?"

ಅವಳ ಕಣ್ಣೀರು ಇಳಿಯಿತು. ತಡೆಯಲಿಲ್ಲ.

ಕೆನ್ನೆ ಒರೆಸಿಕೊಂಡು, "ಯಾಕೆ 'ಇಲ್ಲ' ಅನ್ನಲಿಲ್ಲ? ಒಂದೇ ಮಾತು..." ಎಂದಳು.

ಅವನು ಮರಕ್ಕೆ ಒರಗಿ ನಿಂತ. ಸಿಟ್ಟೆಲ್ಲ ಇಳಿದು ದಣಿದ ಹಾಗೆ ಕಾಣುತ್ತಿದ್ದ.

"ಮ್ಜೇನ ಆಸ್ಪತ್ರೇಲಿ ನೋಡಿದ ಮೇಲೆ ನನಗೆ ಎರಡೇ ದಾರಿ ಇದ್ದಿದ್ದು. ಮಸೆಕೊಗೆ ಹೇಳಬೇಕು, ಇಲ್ಲ ಮುಚ್ಚಿಡಬೇಕು. ಅವರು ನನ್ನ ಕಕ್ಷಿ, ಅವರಿಗೆ ಬೇಕಾದ್ದನ್ನ ಮುಚ್ಚಿಡೋದು ನನ್ನ ಕೆಲಸಕ್ಕೆ ದ್ರೋಹ. ಹೇಳಿದ್ರೆ ನಿಮ್ಮ ಮುದುಕರು ಮುಳುಗ್ತಿದ್ರು, ನೀವೂ ಮುಳುಗ್ತಿದ್ರಿ. ಎರಡೂ ಆಗಲಿಲ್ಲ ನನ್ನ ಕೈಲಿ. ಸೋಮವಾರ ಬೆಳಿಗ್ಗೇನೇ ಹೋಗಿ, ಈ ಕೆಲಸ ನಾನು ಮಾಡಲ್ಲ ಅಂದೆ. ಕಾರಣ ಕೇಳಿದ್ರು. ಹೇಳಲಿಲ್ಲ. ಹಾಗಾದ್ರೆ ಕಚೇರೀನೇ ಬಿಡು ಅಂದ್ರು. ಬಿಟ್ಟೆ."

"ನಾನು ಬಂದಾಗ ಹೇಳಬಹುದಿತ್ತಲ್ಲ..."

"ಏನಂತ? 'ಗೊತ್ತಿತ್ತು, ಆದ್ರೂ ನನ್ನ ಕಕ್ಷಿಯಿಂದ ಮುಚ್ಚಿಟ್ಟೆ' ಅಂತಾನಾ? ಆ ಮಾತು ಬಾಯಿಂದ ಬಂದ್ರೆ ಪರವಾನಗಿ ಆಗಲೇ ಹೋಗ್ತಿತ್ತು. ನಿಮಗೆ ಹೇಳಿದ್ರೂ ಅಷ್ಟೇ. ನೀವು ಎದುರು ಪಕ್ಷ."

ಹಾಗಾದರೆ ಅವನಿಗೆ ಬಿಡಿಸಿಕೊಳ್ಳುವ ದಾರಿಯೇ ಇರಲಿಲ್ಲ! ಅವಳು ದೂರಿಗೆ ಸಹಿ ಹಾಕಿದ ಕೈಯನ್ನು ನೋಡಿಕೊಂಡಳು.

"ಮ್ಜೇಗೋಸ್ಕರ ಇಷ್ಟೆಲ್ಲಾ ಮಾಡಿದ್ರಾ?"

"ಹಾಗಂತ ನನಗೆ ನಾನೇ ಹೇಳ್ಕೊಂಡೆ. ಬಡಪಾಯಿ ಮುದುಕ, ಪಾಪ ಅಂತ." ಅವನು ತಲೆಯಾಡಿಸಿದ. "ಸುಳ್ಳು. ಆ ಗಾಲಿಕುರ್ಚಿ ಹಿಡ್ಕೊಂಡು ನನ್ನ ಮುಖ ನೋಡಿ ನೀವು ಬೆಚ್ಚಿಬಿದ್ರಲ್ಲ... ಸಿಂಹ ನೋಡಿದ ಹಾಗೆ. ನನ್ನಿಂದ ನಿಮಗೆ ಕೆಟ್ಟದ್ದಾಗಬಾರದು ಅಂತ ಆ ಕ್ಷಣಕ್ಕೆ ಅನ್ನಿಸಿಬಿಡ್ತು. ಕೆಲಸ, ಕಕ್ಷಿ ಯಾವುದೂ ಆಗ ತಲೇಲಿರಲಿಲ್ಲ."

ಇಷ್ಟು ದಿನ ಅವನ ಪ್ರತಿ ಮಾತಿನ ಹಿಂದೆ ಏನಿದೆಯೆಂದು ಅಗೆದು ನೋಡಿದ್ದಳು. ಈ ಮಾತಿನ ಹಿಂದೆ ನೋಡುವುದಕ್ಕೆ ಏನೂ ಉಳಿದಿರಲಿಲ್ಲ.

"ನನಗೂ ಒಂದು ಹೇಳೋದಿದೆ," ಎಂದಳು. "ಆವತ್ತು ನಿಮ್ಮ ಕಾರಿನ ಹತ್ತಿರ ಕಿರುಚಾಡಿದ್ನಲ್ಲ, ಅದು ಮ್ಜೇಗೋಸ್ಕರ ಅಂದ್ಕೊಂಡಿದ್ದೆ. ಅದೂ ಸುಳ್ಳು. ಬೇರೆ ಯಾರು ಮೋಸ ಮಾಡಿದ್ರೂ ನನಗೆ ಅಷ್ಟು ನೋವಾಗ್ತಿರಲಿಲ್ಲ. ನಿಮ್ಮ ಮೇಲೆ ನನಗೆ... ಥೀಕಾದಿಂದಲೇ..."

ಅವಳು ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು.

ಬೀದಿಯಲ್ಲಿ ಪ್ರಯಾಣಿಕರನ್ನು ತುಂಬಿಕೊಂಡ ಮಟಾಟು ವ್ಯಾನೊಂದು ಜೋರಾಗಿ ಹಾಡು ಹಾಕಿಕೊಂಡು ಹೋಯಿತು. ಅವಳು ಮರದ ಹತ್ತಿರಕ್ಕೆ, ಅವನ ಪಕ್ಕಕ್ಕೆ ಸರಿದಳು.

"ಇನ್ನೂ ಅನುಮಾನ ಇದೆಯಾ ನನ್ನ ಮೇಲೆ?" ಎಂದು ಕೇಳಿದ.

"ಇದೆ. ಒಂದೇ ಒಂದು."

"ಏನದು?"

"ನೀವು ನನ್ನನ್ನ ಕ್ಷಮಿಸಿಲ್ಲ ಅಂತ."

"ಆ ಅನುಮಾನ ಸರಿಯಾಗೇ ಇದೆ," ಎಂದ ಅವನು. ತುಟಿಯಂಚಿನಲ್ಲಿ ಏನೋ ಅಲುಗಿತು. "ಅಷ್ಟು ಸುಲಭಕ್ಕೆ ಆಗಲ್ಲ. ಟೈಮ್ ಬೇಕು."

"ಎಷ್ಟು ಬೇಕಾದ್ರೂ ತಗೊಳ್ಳಿ. ನಾನು ಕಾಯ್ತೀನಿ."

"ಸುಮ್ನೆ ಕಾದ್ರೆ ಆಗಲ್ಲ. ಭಾನುವಾರ ಊರಿಗೆ ಹೋಗ್ತಿದೀನಿ. ಅಲ್ಲೇ ಕಚೇರಿಗೆ ಅಂತ ಒಂದು ಸಣ್ಣ ಕೋಣೆ ನೋಡಿದೀನಿ, ಚಹಾ ಬೆಳೆಯೋ ಹೆಂಗಸರು ಸೇರಿ ಒಂದು ಕಂಪನಿ ಮಾಡ್ಕೋತಾರಂತೆ, ಅವರಿಗೆ ವಕೀಲ ಬೇಕಂತೆ. ಅಮ್ಮ ಊಟಕ್ಕೆ ಮುಕಿಮೊ ಮಾಡಿರ್ತಾಳೆ. ನೀವು ಬಂದು, ಅವಳ ಮುಂದೆ ಕೂತು, ನಿಮ್ಮ ಮಗ ಕಳ್ಳ ಅಲ್ಲ ಅಂತ ನಿಮ್ಮ ಬಾಯಿಂದಲೇ ಹೇಳಬೇಕು."

"ಹೇಳ್ತೀನಿ. ಅವರು, ನೀನು ಯಾರಮ್ಮಾ ಅಂತ ಕೇಳಿದ್ರೆ?"

ಕಿನೋಟಿ ಅವಳ ಕೂದಲಲ್ಲಿ ಸಿಕ್ಕಿಕೊಂಡಿದ್ದ ನೇರಳೆ ಹೂವೊಂದನ್ನು ಮೆಲ್ಲಗೆ ತೆಗೆದ. ಆ ಕೈ ಅವಳ ಕೆನ್ನೆಯ ಹತ್ತಿರವೇ ಒಂದು ಗಳಿಗೆ ನಿಂತಿತು.

"ಮೇರು ತನಕ ದಾರಿ ದೂರ ಇದೆ," ಎಂದ. "ಏನು ಹೇಳಬೇಕು ಅಂತ ಇಬ್ಬರೂ ಕೂತು ಯೋಚಿಸೋಣ. ಬರ್ತೀಯಾ?"

"ಬರ್ತೀನಿ," ಎಂದಳು ವಾಕೇಶೊ.